ಮಕ್ಕಳ ಗಾಯನಗುರು ಜಾನ್ ಕರ್ವೆನ್

ಹಲವು ಮಕ್ಕಳು ಒಡನೆ ಹಾಡುವಾಗ ರಾಗ ಉಳಿದು ಮಾತು ಅಳಿಯುವುದುಂಟು. ಈ ಕೊರತೆಗೆ ಮದ್ದನ್ನು ಅರಸಿದವರಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಸ್ಮರಣೀಯನು. 1816ರಲ್ಲಿ ಯಾರ್ಕ್‌ಷೈರಿನಲ್ಲಿ ಜನಿಸಿದ ಆತನು ವೃತ್ತಿಯಿಂದ ಕ್ರೈಸ್ತ ಧರ್ಮೋಪದೇಶಕ. ಸಂಗೀತದಲ್ಲಿ ವಿಧಿವತ್ತಾದ ಶಿಕ್ಷಣ ಪಡೆದವನಲ್ಲ. 1841ರಲ್ಲಿ ಹಲ್ ನಗರದಲ್ಲಿ ನೆರೆದ ಭಾನುವಾರದ ಪಾಠಶಾಲೆಗಳ ಉಪಾಧ್ಯಾಯರ ಸಭೆಯು, ಹಾಡುಗಾರಿಕೆಯನ್ನು ಕಲಿಸುವ ಸುಲಭಮಾರ್ಗವನ್ನು ಹುಡುಕುವ ಹೊಣೆಯನ್ನು ಆತನಿಗೆ ಒಪ್ಪಿಸಿತು. ನಾರ್ವಿಚ್ಚಿನ ಸಾರಾ ಗ್ಲೋವರಳ ಕ್ರಮವನ್ನು ಆಧರಿಸಿ, ನಮ್ಮ ಸರಿಗಮದಂತೆ ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಟಾನಿಕ್ ಸಾಲ್‌ಫಾ ಪದ್ಧತಿಯನ್ನು ಆತನು ಬೆಳೆಸಿದನು. ಐದು ಗೆರೆಗಳ ಸ್ವರಲಿಪಿಯ ತೊಡಕು ತಪ್ಪಿ, ಬಡಮಕ್ಕಳಿಗೂ ಸಂಗೀತದ ಬಾಗಿಲು ತೆರೆಯಿತು.

ಗುರುವು ಶಿಷ್ಯರೊಡನೆ ಹಾಡಕೂಡದು. ಚಿಕ್ಕದೊಂದು ಸಾಲನ್ನು ಮೆಲುದನಿಯಲ್ಲಿ ಹಾಡಿತೋರಿಸಿ ಸುಮ್ಮನಾಗಬೇಕು. ಮಕ್ಕಳು ಮೊದಲು ಆಲಿಸಿ ಆಮೇಲೆ ಹಾಡಬೇಕು ಎಂಬುದು ಆತನ ನಿಯಮ. ಗುರುವಿನ ಕಂಠದ ಮರೆಯಲ್ಲಿ ಅಡಗಿದ ಮಗುವಿನ ತೊದಲು ಯಾರಿಗೂ ಕೇಳಿಸದು. ಕೇಳಿಸದ ತಪ್ಪನ್ನು ತಿದ್ದುವವರಾರು? ಗುರುವು ಮೌನವಾದೊಡನೆ ನುಂಗಿದ ವ್ಯಂಜನವೂ ಕೆಡಿಸಿದ ಹ್ರಸ್ವದೀರ್ಘವೂ ಬಯಲಾಗುತ್ತವೆ. ಆತನ ಪಾಠಪುಸ್ತಕದಲ್ಲಿ ಸ್ವರಸಾಧನೆಯೊಡನೆ ಉಚ್ಚಾರಣೆಯ ಅಭ್ಯಾಸಕ್ಕೂ ಎಡೆಯಿತ್ತು.

1864ರಲ್ಲಿ ಧರ್ಮೋಪದೇಶಕ ವೃತ್ತಿಯನ್ನು ತೊರೆದು ಈ ಕಾರ್ಯಕ್ಕೇ ಬಾಳನ್ನು ಮೀಸಲಿಟ್ಟ ಕರ್ವೆನ್ 1880ರಲ್ಲಿ ಕಾಲವಾದನು. ಇಂದಿಗೂ ಉಪಾಧ್ಯಾಯನು ಬಾಯಿ ಮುಚ್ಚಿ ಕಿವಿದೆರೆದು ನಿಂತ ಶಾಲೆಯಲ್ಲಿ ಮಕ್ಕಳ ಹಾಡಿನ ಮಾತು ತಿಳಿಯಾಗಿ ಕೇಳಿಸುತ್ತದೆ.