ಅರಮನೆಯ ಪಿಯಾನೋ

ಸಂಗೀತಗಾರನಾಗಬೇಕೆಂದು ಹಂಬಲಿಸಿದವನಿಗೆ ಸಿಂಹಾಸನವೇ ಅಡ್ಡಬಂದಿತೆಂದರೆ ಕೇಳಿದವರಿಗೆ ಸೋಜಿಗವೆನಿಸಬಹುದು. ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರ ಬಾಳಿನಲ್ಲಿ ನಡೆದುದು ಇದೇ.

1919ರ ಜುಲೈ 18ರಂದು ಜನಿಸಿದ ಅವರು ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಎಳೆತನದಲ್ಲಿಯೇ ಅವರ ಮನವನ್ನು ಸೆಳೆದದ್ದು ಪಿಯಾನೋ. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯನ್ನು ಅವರು ಪಡೆದರು. ದೇಶವಿದೇಶಗಳ ಸಭೆಗಳಲ್ಲಿ ಪಿಯಾನೋ ನುಡಿಸಬೇಕೆಂಬುದು ಅವರ ಬಯಕೆಯಾಗಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯಭಾರ ಬಿದ್ದಿತು; ಆ ಬಯಕೆ ಅಲ್ಲಿಗೇ ನಿಂತಿತು.

ಕೈಗೂಡದ ಆಸೆ ಹಲವರಲ್ಲಿ ಕಹಿಯಾಗಿ ಉಳಿಯುತ್ತದೆ. ಒಡೆಯರಲ್ಲಿ ಅದು ಔದಾರ್ಯವಾಯಿತು. ತಾಯ್ನಾಡಾದ ರಷ್ಯಾವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್ನರ್ ಎಂಬ ವಾಗ್ಗೇಯಕಾರರು ಆಗ ಮುಪ್ಪಿನಿಂದಲೂ ಹೃದ್ರೋಗದಿಂದಲೂ ಬಳಲುತ್ತಿದ್ದರು. ಜಗತ್ತು ಅವರನ್ನು ಬಹುಮಟ್ಟಿಗೆ ಮರೆತಿತ್ತು. ಒಡೆಯರ ಧನಸಹಾಯದಿಂದ ಅವರ ರಚನೆಗಳು ಧ್ವನಿಮುದ್ರಿಕೆಗಳಾದವು. 1947ರಲ್ಲಿ ಮೆಡ್ಟ್ನರ್ ತಮ್ಮ ಮೂರು ಪಿಯಾನೋ ಕಾಂಚರ್ಟೊಗಳನ್ನೂ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಾವೇ ನುಡಿಸಿದರು. ಮೂರನೆಯದನ್ನು ಅವರು ಮೈಸೂರಿನ ಈ ಅರಸರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಡ್ಟ್ನರ್ ತೀರಿಕೊಂಡರು. ಅವರ ಕೈಯ ನಾದ ಮಾತ್ರ ಉಳಿಯಿತು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದಕ್ಕೂ ಒಡೆಯರ ನೆರವೇ ಆಧಾರ.

ಪರರ ಸಂಗೀತಕ್ಕೆ ಆಸರೆಯಾದ ಆ ವರ್ಷಗಳಲ್ಲಿಯೇ ಅವರು ತಮ್ಮ ದನಿಯನ್ನೂ ಕಂಡುಕೊಂಡರು. ಅದು ಸಿಂಫನಿಯ ಹಾದಿಯಾಗಿರದೆ ಕರ್ನಾಟಕ ಸಂಗೀತದ ಕೃತಿಯ ಹಾದಿಯಾಗಿತ್ತು. ವೈಣಿಕ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ, ಶ್ರೀವಿದ್ಯೆಯ ಅಂಕಿತವಿರಿಸಿ ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳು 94. ರಾಜದರ್ಬಾರಿನ ವಿದ್ವಾಂಸರ ಮುಂದೆ ಅರಸನೂ ವಿದ್ಯಾರ್ಥಿಯಾಗಿ ಕುಳಿತದ್ದರ ಫಲ ಇವು.

1956ರ ನವೆಂಬರ್ 1ರಂದು ನಮ್ಮ ಗುತ್ತಲವೂ ಹಾವೇರಿ ಸೀಮೆಯ ಇತರ ಊರುಗಳೂ ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿದಾಗ, ಅದರ ಮೊದಲ ರಾಜ್ಯಪಾಲರಾಗಿದ್ದವರು ಇವರೇ. ಅರಸೊತ್ತಿಗೆ ಆ ವೇಳೆಗಾಗಲೇ ಮುಗಿದಿತ್ತು. 1974ರ ಸೆಪ್ಟೆಂಬರ್ 23ರಂದು ಅವರು ನಿಧನರಾದರು. ಅಠಾಣ ರಾಗದಲ್ಲಿ ಅವರು ಗಣಪತಿಯನ್ನು ಸ್ತುತಿಸಿದ ಕೃತಿ ಕಚೇರಿಗಳಲ್ಲಿ ಇಂದಿಗೂ ಮೊಳಗುತ್ತದೆ. ಕೇಳುವವರಲ್ಲಿ ಎಷ್ಟೋ ಮಂದಿಗೆ ಅದನ್ನು ರಚಿಸಿದವರು ಅರಸರೆಂಬ ನೆನಪೂ ಇರುವುದಿಲ್ಲ.