ರಾಮನ್ ಅವರ ವಜ್ರಗಳು, ಅನ್ನಾ ಮಣಿಯ ಥೀಸಿಸ್

ಮಂಗಳೂರಿನ ಹಳೇ ಬಂದರಿನಲ್ಲಿ ದೋಣಿ ಹತ್ತಿ ಬೆಂಗ್ರೆಯಲ್ಲಿ ಇಳಿದರೆ ಒಂದು ಬದಿ ಫಲ್ಗುಣಿ, ಇನ್ನೊಂದು ಬದಿ ಕಡಲು, ನಡುವೆ ಬರೀ ಮರಳು. ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡೀರಿ. ಮಿನುಗುವ ಕಣಗಳು ಹೆಚ್ಚಾಗಿ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್. ಬಂಡೆ ಸವೆದು ಹೊಳೆ ಹೊತ್ತು ತಂದದ್ದು.

ಈ ಬೆಣಚುಕಲ್ಲಿನ ಒಳಗೆ ಏನು ನಡೆಯುತ್ತೆ ಅಂತ ಬೆಳಕು ಹಾಯಿಸಿ ನೋಡಿದವರಲ್ಲಿ ಸಿ.ವಿ. ರಾಮನ್ ಒಬ್ಬರು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಕಡಲಿನ ನೀಲಿ, 1930ರ ನೊಬೆಲ್, ಅಲ್ಲಿಗೆ ಕಥೆ ಮುಗೀತು. ಆದರೆ 1888ರಲ್ಲಿ ಹುಟ್ಟಿದ ಆ ಮನುಷ್ಯ ಬದುಕಿದ್ದು 1970ರವರೆಗೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು, 1937ರಲ್ಲಿ ಆ ಹುದ್ದೆ ಬಿಟ್ಟರು. ಬಿಡದೇ ಇದ್ದದ್ದು ಕಲ್ಲುಗಳನ್ನು.

1940ರಲ್ಲಿ ನೆಡುಂಗಡಿ ಎಂಬ ಶಿಷ್ಯನ ಜೊತೆ ಕ್ವಾರ್ಟ್ಜ್ ಕಾಯಿಸುತ್ತಾ ಹೋದರು. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಹರಳಿನ ರಚನೆಯೇ ಬದಲಾಗುತ್ತೆ. ಅದು ಹತ್ತಿರವಾದಂತೆ ಪರಮಾಣುಗಳ ಒಂದು ಕಂಪನ ಸಡಿಲಾಗುತ್ತಾ ಬರುವುದನ್ನು ಇಬ್ಬರೂ ಕಂಡರು. 1950ರಲ್ಲಿ, ಆಗಷ್ಟೇ ಕಟ್ಟಿದ್ದ ತಮ್ಮ ಸ್ವಂತ ಸಂಸ್ಥೆಯಲ್ಲಿ, ಎ. ಜಯರಾಮನ್ ಜೊತೆ ಲ್ಯಾಬ್ರಡೊರೈಟ್ ಕೈಗೆತ್ತಿಕೊಂಡರು. ಬೂದು ಕಲ್ಲು, ಓರೆ ಮಾಡಿದರೆ ನವಿಲುಬಣ್ಣ. ಆ ಬಣ್ಣ ಯಾವ ವರ್ಣದ್ರವ್ಯದ್ದೂ ಅಲ್ಲ, ಕಲ್ಲಿನ ಒಳರಚನೆಯದು. ತಣ್ಣಗಾಗುವಾಗ ಖನಿಜ ಒಳಗೊಳಗೇ ಎರಡಾಗಿ ಒಡೆದು, ಬೆಳಕಿನ ಅಲೆಯಷ್ಟೇ ತೆಳುವಾದ ಪದರ ಪದರವಾಗಿ ಕೂತಿರುತ್ತೆ. ನನಗೆ ಕೇಳಿದರೆ, ನೊಬೆಲ್ ಕೆಲಸಕ್ಕಿಂತ ಇದೇ ಸುಂದರ.

ವಜ್ರದಲ್ಲಿ ಮಾತ್ರ ಎಡವಿದರು. ವಜ್ರಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಹರಳಿನ ಸಮ್ಮಿತಿಯೇ ಕಾರಣ ಅಂತ ಹಟ ಹಿಡಿದರು. 1959ರಲ್ಲಿ, ಹೆಚ್ಚಿನ ವ್ಯತ್ಯಾಸಕ್ಕೆ ಒಳಗೆ ಸೇರಿಕೊಂಡ ನೈಟ್ರೋಜನ್ ಕಾರಣ ಅಂತ ಗೊತ್ತಾಯಿತು. ಹರಳಿನ ಕಂಪನದ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ನಡೆದ ಜಗಳದಲ್ಲೂ ಗೆದ್ದದ್ದು ಬಾರ್ನ್.

ಆದರೆ ಆ ವಜ್ರಗಳ ಮುಂದೆ ರಾತ್ರಿಯಿಡೀ ಕೂತದ್ದು ಯಾರು? 1940ರಲ್ಲಿ ಲ್ಯಾಬ್ ಸೇರಿದ ಅನ್ನಾ ಮಣಿ. ಮೂವತ್ತಕ್ಕೂ ಹೆಚ್ಚು ವಜ್ರ. ದ್ರವಗಾಳಿಯಲ್ಲಿ ತಣ್ಣಗಿಟ್ಟು, ಮಂಕು ಹೊಳಪು ಫೋಟೋ ಪ್ಲೇಟಿನಲ್ಲಿ ಮೂಡಲು 15ರಿಂದ 20 ಗಂಟೆ ಕಾಯಬೇಕು. ಎಷ್ಟೋ ಸಲ ಅಲ್ಲೇ ಮಲಗಿದ್ದುಂಟು. ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. ಹೆಣ್ಣುಮಕ್ಕಳು ಗಂಡಸರ ಜೊತೆ ಮಾತಾಡಿದರೂ ರಾಮನ್‌ಗೆ ಸೇರುತ್ತಿರಲಿಲ್ಲ ಅಂತ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅದಕ್ಕೂ ಮೊದಲು, 1933ರಲ್ಲಿ, ಕಮಲಾ ಭಾಗವತ್ (ಮುಂದೆ ಸೊಹೋನಿ) ಅವರನ್ನು ಹೆಣ್ಣು ಎಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪದೆ, ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಷರತ್ತು ಹಾಕಿದವರೂ ಇದೇ ರಾಮನ್.

1945ರಲ್ಲಿ ಮಣಿ ತಮ್ಮ ಥೀಸಿಸ್ಸನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್‌.ಡಿ. ಸಿಗಲಿಲ್ಲ. ನಿಯಮ ವಿಶ್ವವಿದ್ಯಾಲಯದ್ದು, ಸರಿ. ಆದರೆ ಲ್ಯಾಬಿನ ಹೆಸರು ಮತ್ತು ವಜ್ರ ಗುರುಗಳದ್ದಾಗಿ, ನಿದ್ದೆಗೆಟ್ಟ ರಾತ್ರಿ ಮಾತ್ರ ಶಿಷ್ಯೆಯದ್ದಾಗಿ ಉಳಿಯುವ ಲೆಕ್ಕ ನನಗಂತೂ ಒಪ್ಪಿಗೆಯಾಗೋದಿಲ್ಲ. ಮಣಿ ಇಂಗ್ಲೆಂಡಿಗೆ ಹೋದರು, ಮರಳಿ ಬಂದು ಹವಾಮಾನ ಇಲಾಖೆ ಸೇರಿದರು, ಗಾಳಿ-ಬಿಸಿಲು ಅಳೆಯುವ ಉಪಕರಣಗಳನ್ನು ಇಲ್ಲೇ ತಯಾರು ಮಾಡಿಸಿದರು.

ಆ ಥೀಸಿಸ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು. ಪದವಿ ಸಿಕ್ಕ ಥೀಸಿಸ್ಸುಗಳ ಹಾಗೆಯೇ ಅದಕ್ಕೂ ಬೈಂಡ್ ಹಾಕಿದೆ.