ಕಪ್ಪೆಯ ಕಾಲಿನಲ್ಲಿ ವಿದ್ಯುತ್ತನ್ನು ಕಂಡ ಗ್ಯಾಲ್ವಾನಿ

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಹಿರೇಕೆರೂರಿನ ಕೆರೆಯ ಬದಿಯಲ್ಲಿ ಕಪ್ಪೆಗಳು ವಟಗುಟ್ಟುವುದನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ವಿರಳ. ಈ ಬಡಪ್ರಾಣಿಯ ಕಾಲಿನಿಂದಲೇ ವಿಜ್ಞಾನದ ದೊಡ್ಡದೊಂದು ವಾದವು ಹುಟ್ಟಿಕೊಂಡಿತು. ಆ ವಾದದ ನಾಯಕನೇ ಲುಯಿಗಿ ಗ್ಯಾಲ್ವಾನಿ.

ಈತನು 1737ನೆಯ ಇಸವಿ ಸಪ್ಟೆಂಬರ 9ರಂದು ಇಟಲಿಯ ಬೊಲೋನ್ಯ ನಗರದಲ್ಲಿ ಜನಿಸಿದನು. ಎಳವೆಯಲ್ಲಿ ಸಂನ್ಯಾಸಿಯಾಗುವ ಮನಸ್ಸಿತ್ತಂತೆ. ಮನೆಯವರ ಮಾತಿಗೆ ಒಪ್ಪಿ ವೈದ್ಯಶಾಸ್ತ್ರವನ್ನು ಓದಿ 1759ರಲ್ಲಿ ಪದವೀಧರನಾದನು. ಮುಂದೆ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತ ಹಕ್ಕಿಗಳ ಮೂತ್ರಪಿಂಡ, ಕಿವಿಗಳನ್ನು ಅಭ್ಯಸಿಸಿದನು. 1762ರಲ್ಲಿ ತನ್ನ ಗುರುವಿನ ಮಗಳಾದ ಲೂಸಿಯಾಳನ್ನು ಮದುವೆಯಾದನು. ಆಕೆ ಪ್ರಯೋಗಗಳಲ್ಲಿಯೂ ಅವನಿಗೆ ಸಹಧರ್ಮಿಣಿಯಾಗಿದ್ದಳು. ಇಂಥವರ ಹೆಸರನ್ನು ಪುಸ್ತಕಗಳು ಬೇಗನೆ ದಾಟಿಹೋಗುತ್ತವೆಂಬುದು ನನ್ನ ಕೊರಗು.

1780ರ ಸುಮಾರಿಗೆ ಒಂದು ದಿನ ಸಹಾಯಕನೊಬ್ಬನು ಸುಲಿದ ಕಪ್ಪೆಯ ನರಕ್ಕೆ ಚೂರಿಯ ತುದಿಯನ್ನು ಮುಟ್ಟಿಸಿದನು. ಅದೇ ಕ್ಷಣಕ್ಕೆ ಸಮೀಪದ ವಿದ್ಯುದ್ಯಂತ್ರದಿಂದ ಕಿಡಿ ಹಾರಿತು. ಸತ್ತ ಕಪ್ಪೆಯ ಕಾಲು ಝಾಡಿಸಿತು! ಬೇರೊಬ್ಬನು ಆಶ್ಚರ್ಯಪಟ್ಟು ಸುಮ್ಮನಾಗುತ್ತಿದ್ದನು. ಈತನು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. 1786ರಲ್ಲಿ ಹಿತ್ತಾಳೆಯ ಕೊಕ್ಕೆಗಳಿಂದ ಕಪ್ಪೆಗಳನ್ನು ಕಬ್ಬಿಣದ ಕಂಬಿಗಳಿಗೆ ತೂಗುಹಾಕಿದಾಗ, ಗುಡುಗು ಮಿಂಚುಗಳಿಲ್ಲದ ದಿನವೂ ಕಾಲುಗಳು ಅದುರಿದವು. ವಿದ್ಯುತ್ತು ಪ್ರಾಣಿಯ ಒಡಲಿನಲ್ಲಿಯೇ ಇದೆಯೆಂದು ಬಗೆದು 1791ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದನ್ನು ನೋಡಲು ಲೂಸಿಯಾ ಉಳಿದಿರಲಿಲ್ಲ, ಅದಕ್ಕೂ ಮೊದಲೇ ತೀರಿಕೊಂಡಿದ್ದಳು.

ಪಾವಿಯಾದ ಪ್ರಾಧ್ಯಾಪಕ ವೋಲ್ಟನು ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಎರಡು ಬೇರೆ ಲೋಹಗಳ ಕೂಟದಿಂದ. ಕಪ್ಪೆಯ ಕಾಲು ಬರಿಯ ಒದ್ದೆಯ ವಾಹಕ, ಎಂಬುದು ಅವನ ವಾದ. ಗ್ಯಾಲ್ವಾನಿಯು ಲೋಹದ ಸೋಂಕೇ ಇಲ್ಲದೆ, ನರವನ್ನು ಸ್ನಾಯುವಿಗೆ ತಾಕಿಸಿಯೇ ಕಾಲನ್ನು ಕುಣಿಸಿ ತೋರಿಸಿದನು. ಆದರೆ 1800ರಲ್ಲಿ ವೋಲ್ಟನು ತನ್ನ ವಿದ್ಯುತ್ಕೋಶವನ್ನು ಪ್ರಕಟಪಡಿಸಿದಾಗ ಜಗತ್ತೆಲ್ಲ ಅವನನ್ನೇ ಕೊಂಡಾಡಿತು. ಉತ್ತರ ಕೊಡಲು ಗ್ಯಾಲ್ವಾನಿ ಬದುಕಿರಲಿಲ್ಲ. ನೆಪೋಲಿಯನ್ನನು ಇಟಲಿಯಲ್ಲಿ ಸ್ಥಾಪಿಸಿದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಅವನ ಧರ್ಮಬುದ್ಧಿ ಒಪ್ಪಲಿಲ್ಲ. ಹುದ್ದೆ ಹೋಯಿತು, ಸಂಬಳ ನಿಂತಿತು. ಕೊನೆಗೆ ಸರಕಾರವೇ ಮಣಿಯಿತು. ಆದರೆ ಮರಳಿ ಪೀಠವೇರುವ ಮೊದಲೇ, 1798ರ ಡಿಸೆಂಬರ 4ರಂದು, ಅವನು ನಿಧನನಾದನು. ಆ ಪ್ರಮಾಣಪತ್ರಕ್ಕೆ ಒಂದು ಸಹಿ ಹಾಕಿದ್ದರೆ ಏನಾಗುತ್ತಿತ್ತೆಂದು ನಾವು ಕೇಳಬಹುದು. ಅವನು ಹಾಗೆ ಕೇಳಿಕೊಂಡಂತೆ ತೋರುವುದಿಲ್ಲ.

ಗೆದ್ದವರಾರು? ನರಗಳು ತಾವೇ ವಿದ್ಯುತ್ತನ್ನು ಹುಟ್ಟಿಸುತ್ತವೆಂಬುದು ಮುಂದಿನ ಶತಮಾನದಲ್ಲಿ ಸಿದ್ಧವಾಯಿತು. ಒಡಲು ಒದ್ದೆಯ ವಾಹಕವೆಂಬ ವೋಲ್ಟನ ಮಾತೂ ಸುಳ್ಳಲ್ಲ. ನೀರು, ಉಪ್ಪು ಹೆಚ್ಚಿರುವ ಅಂಗಾಂಶದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ; ಕೊಬ್ಬು, ಎಲುಬುಗಳಲ್ಲಿ ತಡೆ ಹೆಚ್ಚು. ಇದನ್ನು ಅಳೆಯಲು ಈಗ ಸುಲಿಯುವುದೂ ಬೇಡ, ಚುಚ್ಚುವುದೂ ಬೇಡ. ಎಂ.ಆರ್.ಐ. ಯಂತ್ರದ ಪ್ರಬಲ ಅಯಸ್ಕಾಂತದೊಳಗೆ ರೋಗಿಯನ್ನು ಮಲಗಿಸಿ ರೇಡಿಯೋ ಅಲೆಗಳನ್ನು ಹಾಯಿಸುತ್ತಾರೆ. ಅಂಗಾಂಶದ ವಾಹಕತೆಗೆ ತಕ್ಕಂತೆ ಒಡಲೊಳಗೆ ಆ ಅಲೆಗಳ ರೂಪ ತುಸು ಬದಲಾಗುತ್ತದೆ. ಆ ಬದಲಾವಣೆಯನ್ನು ಚಿತ್ರದಲ್ಲಿ ಹಿಡಿದು ವಾಹಕತೆಯನ್ನು ಲೆಕ್ಕಹಾಕುತ್ತಾರೆ. ಗಂತಿಗಳ ವಾಹಕತೆ ಅನೇಕವೇಳೆ ಹೆಚ್ಚಿರುವುದರಿಂದ ಸಂಶೋಧಕರಿಗೆ ಇದರಲ್ಲಿ ಆಸಕ್ತಿ. ಈ ಯಂತ್ರದ ಆಧಾರವಾದ ಕಾಂತ ಅನುರಣನವನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಪರೀಕ್ಷಿಸಿ 1951ರಲ್ಲಿಯೇ ಪ್ರಕಟಿಸಿದ್ದರು.